ಅಪ್ಪನ ಕೋವಿಯ ನಳಿಗೆ

ಆಗಸ್ಟ್ 30ರ ಬೆಳಿಗ್ಗೆ ಅವ್ವ ಕನ್ನಿಕೋಂಬರೆಯಿಂದ, ಅಂದರೆ ದೇವರ ಕೋಣೆಯಿಂದ, ಕೋವಿಯ ಚೀಲ ತಂದು ಜಗಲಿಯ ಚಾಪೆ ಮೇಲೆ ಇಟ್ಟರು. "ಹಬ್ಬಕ್ಕೆ ಇನ್ನು ನಾಲ್ಕೇ ದಿನ. ಈ ಸಲ ನೀನೇ ಮಾಡು ಮಗಳೇ" ಅಂದರು. ಎರಡು ವರ್ಷದಿಂದ ಆ ಚೀಲವನ್ನು ಯಾರೂ ಮುಟ್ಟಿರಲಿಲ್ಲ.

ನಮ್ಮ ಮನೆ ದಕ್ಷಿಣ ಕೊಡಗಿನಲ್ಲಿ, ಗೋಣಿಕೊಪ್ಪದಿಂದ ಸ್ವಲ್ಪ ಒಳಗೆ. ಸೆಪ್ಟೆಂಬರ್ 3ರ ಹೊತ್ತಿಗೆ, ನಾಟಿ ಮುಗಿದ ಮೇಲೆ, ನಮ್ಮಲ್ಲಿ ಕೈಲ್ ಮುಹೂರ್ತ, ಆಯುಧ ಪೂಜೆಯ ಹಬ್ಬ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕಕ್ಕಡ ತಿಂಗಳಲ್ಲಿ ಮಳೆ ಮತ್ತು ಗದ್ದೆ ಬಿಟ್ಟರೆ ಬೇರೆ ಯೋಚನೆ ಇರುವುದಿಲ್ಲ. ಕೋವಿ, ಒಡಿಕತ್ತಿ ಎಲ್ಲಾ ಒಳಗೇ ಇರುತ್ತವೆ. ಹಬ್ಬದ ದಿನ ಅವನ್ನು ಒರೆಸಿ ಸಾಲಾಗಿ ಇಟ್ಟು, ತೋಕ್‌ಪೂ ಮುಡಿಸಿ ಪೂಜೆ ಮಾಡುತ್ತೇವೆ. ತೋಕ್ ಅಂದರೆ ಕೋವಿ, ಪೂ ಅಂದರೆ ಹೂ. ಮಲೆನಾಡಿನ ಕೆಲವು ಕಡೆ ಗೌರಿ ಹೂ ಅನ್ನುತ್ತಾರಲ್ಲ, ಬೆಂಕಿಯ ನಾಲಿಗೆಯ ಹಾಗೆ ಕೆಂಪು ಹಳದಿ ಇರುವ ಹೂ, ಅದೇ.

ಅಪ್ಪನದು ಜೋಡುನಳಿಗೆಯ 12 ಬೋರ್ ಕೋವಿ. ಒಂದು ಪೌಂಡ್ ಸೀಸದಿಂದ ಒಂದೇ ಅಳತೆಯ 12 ಗುಂಡು ಮಾಡಿದರೆ ಒಂದು ಗುಂಡಿನ ದಪ್ಪ ಎಷ್ಟೋ ನಳಿಗೆಯ ಒಳಗಿನ ಅಗಲ ಅಷ್ಟು, ಅದಕ್ಕೇ 12 ಅನ್ನುವುದು ಅಂತ ಅಪ್ಪ ಚಿಕ್ಕಂದಿನಲ್ಲಿ ಹೇಳಿಕೊಟ್ಟಿದ್ದರು. ಲೆಕ್ಕಕ್ಕೆ ಸುಮಾರು 18.5 ಮಿಲಿಮೀಟರ್. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಬೇಟೆಯ ಮಾತು ಮುಗಿಯಿತು. ನಾನು ಹುಟ್ಟುವ ಹೊತ್ತಿಗೆ ಆ ಕೋವಿ ಹಬ್ಬಕ್ಕೆ, ತೆಂಗಿನಕಾಯಿಗೆ ಗುರಿ ಇಡುವ ಸ್ಪರ್ಧೆಗೆ, ಸುಗ್ಗಿಯ ಹಬ್ಬ ಪುತ್ತರಿಯಲ್ಲಿ ಕದಿರು ತೆಗೆಯುವಾಗ ಹಾರಿಸುವ ಒಂದು ಗುಂಡಿಗೆ ಮಾತ್ರ ಉಳಿದಿತ್ತು. ಇನ್ನೂ ಒಂದು ಕೆಲಸ ಇದೆ. ಮನೆಯಲ್ಲಿ ಗಂಡು ಮಗು ಹುಟ್ಟಿದರೆ ಒಂದು ಗುಂಡು. ಸಾವಾದರೆ ಬೆನ್ನುಬೆನ್ನಿಗೆ ಎರಡು.

ಕೊನೆಯ ಸಲ ಆ ಕೋವಿಯಿಂದ ಹಾರಿದ್ದು ಆ ಎರಡು ಗುಂಡು. ಜುಲೈ ಕೊನೆ, ಕಕ್ಕಡದ ಮಳೆ ಸುರಿಯುತ್ತಿತ್ತು. ಅಪ್ಪ ತೀರಿಕೊಂಡ ಬೆಳಿಗ್ಗೆ ಮಾವ ಅಂಗಳದಲ್ಲಿ ನಿಂತು, ಮಳೆಯಲ್ಲೇ, ಒಂದು ನಳಿಗೆ ಆದ ಮೇಲೆ ಇನ್ನೊಂದು ನಳಿಗೆ ಹಾರಿಸಿದರು. ಆಚೆ ಗುಡ್ಡದ ಮನೆಗಳಿಂದ ಜನ ಇಳಿದು ಬರತೊಡಗಿದರು. ಕೋವಿಯನ್ನು ಯಾರೋ ಒಳಗೆ ತಂದು ಚೀಲಕ್ಕೆ ಹಾಕಿ ಇಟ್ಟರು. ಅವತ್ತು ಅದನ್ನು ಒರೆಸಬೇಕು ಅಂತ ಯಾರಿಗೆ ನೆನಪಾದೀತು? ಮುಂದಿನ ವರ್ಷ ಸೂತಕ ಅಂತ ನಮ್ಮ ಮನೆಯಲ್ಲಿ ಹಬ್ಬ ಇರಲಿಲ್ಲ. ವಿನಾಯಿತಿ ಪತ್ರವನ್ನು ನನ್ನ ಹೆಸರಿಗೆ ಮಾಡಿಸುವ ಕಾಗದದ ಕೆಲಸ ಮಾತ್ರ ಆ ನಡುವೆ ಮುಗಿದಿತ್ತು. ಕೊಡವರಿಗೂ, ವಂಶಪಾರಂಪರ್ಯವಾಗಿ ಬಂದ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಕೋವಿಯ ಲೈಸೆನ್ಸಿನಿಂದ ವಿನಾಯಿತಿ ಇದೆಯಲ್ಲ, 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿದ್ದಾರೆ.

ಚೀಲ ಬಿಚ್ಚಿದ ಕೂಡಲೇ ಬೂಸಲಿನ ವಾಸನೆ ಬಂತು. ದಪ್ಪ ಕ್ಯಾನ್ವಾಸ್ ಚೀಲ ಅದು. ಪೇಟೆಗೆ ಒಯ್ಯುವಾಗ ಹಾಕಿಕೊಳ್ಳಲು ಸರಿ. ಆದರೆ ಅದರಲ್ಲೇ ಇಟ್ಟುಬಿಟ್ಟರೆ ಮಳೆಗಾಲದ ತೇವ ಪೂರ್ತಿ ಹೀರಿಕೊಂಡು ಕಬ್ಬಿಣಕ್ಕೆ ಅಂಟಿಸಿ ಇಡುತ್ತದೆ. ಅಪ್ಪ ಯಾವತ್ತೂ ಕೋವಿಯನ್ನು ಚೀಲದಲ್ಲಿ ಇಟ್ಟವರಲ್ಲ.

ಮೊದಲು ಮಾಡಬೇಕಾದ್ದು ಏನು ಅಂತ ನನಗೆ ಗೊತ್ತಿತ್ತು. ಮೇಲಿನ ಕೀಲಿಯನ್ನು ಬಲಕ್ಕೆ ತಳ್ಳಿ, ಕೋವಿ ಮಡಚಿ, ತೋಟೆ ಕೂರುವ ಎರಡೂ ಗೂಡು ನೋಡಿದೆ. ಖಾಲಿ. ಬೆರಳು ಹಾಕಿ ಇನ್ನೊಂದು ಸಲ ನೋಡಿದೆ. ತೋಟೆ ಇದ್ದ ಡಬ್ಬಿಯನ್ನು ಒಳಮನೆಗೆ ಕಳಿಸಿದೆ. ಆಮೇಲೆ ಮುಂದಿನ ಮರದ ತುಂಡು ಬಿಚ್ಚಿ, ನಳಿಗೆಗಳನ್ನು ಹಿಡಿಯಿಂದ ಬೇರೆ ಮಾಡಿದೆ. ಎರಡೂ ನಳಿಗೆ ಸೇರಿ ಒಂದೇ ತುಂಡಾಗಿ ಕೈಗೆ ಬರುತ್ತವೆ. ಅದನ್ನು ಆಕಾಶದ ಕಡೆ ಹಿಡಿದು ಒಳಗೆ ನೋಡಿದೆ.

ಅಪ್ಪ ತೋರಿಸುತ್ತಿದ್ದಾಗ ಒಳಗೆ ಕನ್ನಡಿಯ ಹಾಗೆ ಬೆಳಕಿನ ಬಳೆಗಳು ಒಂದರೊಳಗೊಂದು ಕಾಣುತ್ತಿದ್ದವು. ಈಗ ಎಡನಳಿಗೆ ಮಸುಕು ಮಸುಕು. ಬಲನಳಿಗೆಯಲ್ಲಿ ತೋಟೆ ಕೂರುವ ಗೂಡಿನಿಂದ ಸ್ವಲ್ಪವೇ ಮುಂದೆ, ಒಂದೇ ಮಗ್ಗುಲಲ್ಲಿ, ಕಪ್ಪು ಮಚ್ಚೆ. ಅಲ್ಲಿಂದ ತುದಿಯವರೆಗೆ ಬಸವನಹುಳು ಹರಿದ ದಾರಿಯ ಹಾಗೆ ಬೂದುಬಣ್ಣದ ಗೆರೆಗಳು.

ಮಸಿ ಅಷ್ಟೇ, ಒರೆಸಿದರೆ ಹೋಗುತ್ತದೆ ಅಂದುಕೊಂಡೆ. ಹಳೆಯ ಪಂಚೆ ಹರಿದು ಚೌಕ ಚೌಕ ತುಂಡು ಮಾಡಿ, ಸೀಮೆಎಣ್ಣೆಯಲ್ಲಿ ಅದ್ದಿ, ಕೋಲಿಗೆ ಸಿಕ್ಕಿಸಿ ಎಳೆದೆ. ಮೊದಲ ನಾಲ್ಕೈದು ಬಟ್ಟೆ ಕರ್ರಗೆ ಬಂದವು. ಆಮೇಲೆ ಬಂದವು ಕಂದು ಬಣ್ಣಕ್ಕೆ ತಿರುಗಿದ್ದವು. ಆ ಕಂದು ಬಣ್ಣ ನೋಡಿ ಹೊಟ್ಟೆಯಲ್ಲಿ ಸಂಕಟ ಆಯಿತು. ಮಸಿ ಕಪ್ಪಗಿರುತ್ತದೆ. ಕಂದು ಅಂದರೆ ತುಕ್ಕು.

ಮಧ್ಯಾಹ್ನ ಅಪ್ಪನ ಡಬ್ಬಿಯಲ್ಲಿದ್ದ ಫಾಸ್ಫರ್ ಬ್ರಾಂಜ್ ಬ್ರಷ್ ಹಾಕಿದೆ. ಇಲ್ಲಿ ಒಂದು ತಪ್ಪು ಮಾಡಿದೆ. ಪಾತ್ರೆ ಉಜ್ಜುವ ಹಾಗೆ ಮಚ್ಚೆ ಇದ್ದ ಜಾಗದಲ್ಲೇ ಹಿಂದೆ ಮುಂದೆ ಉಜ್ಜಲು ಹೋದೆ. ಬ್ರಷ್ಷಿನ ಕೂದಲು ಒಂದು ಕಡೆಗೆ ಬಾಗಿರುತ್ತವೆ. ನಡುವೆ ದಿಕ್ಕು ಬದಲಾಯಿಸಿದರೆ ಅವು ಅಡ್ಡ ನಿಂತು ಕಚ್ಚಿಕೊಳ್ಳುತ್ತವೆ. ಹಾಗೇ ಆಯಿತು. ಜೋರಾಗಿ ತಿರುಗಿಸಿದೆ. ಮೂರು ತುಂಡಿನ ಕೋಲು ತಿರುಪಿನ ಹತ್ತಿರ ಬಿಚ್ಚಿಕೊಂಡು ಕೈಗೆ ಬಂತು, ಬ್ರಷ್ ಒಳಗೇ ಉಳಿಯಿತು. ತುದಿಯ ಕಡೆಯಿಂದ ಮರದ ಕೋಲು ಹಾಕಿ, ನಿಧಾನಕ್ಕೆ ತಟ್ಟಿ ತಟ್ಟಿ ಹೊರಗೆ ತಂದೆ. ಅರ್ಧ ಗಂಟೆ ಅದಕ್ಕೇ ಹೋಯಿತು. ಗೂಡಿನ ಕಡೆಯಿಂದ ಹಾಕಬೇಕು, ತುದಿಯಲ್ಲಿ ಪೂರ್ತಿ ಹೊರಗೆ ಬರುವ ತನಕ ತಳ್ಳಬೇಕು, ಆಮೇಲೆ ವಾಪಸ್ ಎಳೆಯಬೇಕು. ಇಷ್ಟೇ ಕ್ರಮ.

ಸರಿಯಾಗಿ ಐವತ್ತು ಸಲ ಎಳೆದೆ. ಡಬ್ಬಿಯಲ್ಲಿ ಕೋವಿ ತೊಳೆಯುವ ದ್ರಾವಣದ ಹಳೆಯ ಶೀಸೆಯೂ ಇತ್ತು, ಮೂಗು ಉರಿಯುವಷ್ಟು ಅಮೋನಿಯಾ ವಾಸನೆಯದು. ಅದನ್ನು ಬ್ರಷ್ಷಿಗೆ ಹಚ್ಚಿದೆ. ಬಟ್ಟೆ ಹಸಿರುನೀಲಿಯಾಗಿ ಬಂತು. ಓಹೋ, ಕೊಳೆ ಕರಗುತ್ತಿದೆ ಅಂತ ಖುಷಿಯಾಗಿ ಇನ್ನೂ ಎಳೆದೆ. ಬಟ್ಟೆ ಇನ್ನೂ ಹಸಿರಾಯಿತು. ಸಂಜೆ ಬೆಳಕಿಗೆ ಹಿಡಿದು ನೋಡಿದರೆ ಮಚ್ಚೆ ಇದ್ದ ಹಾಗೇ ಇದೆ, ಗೆರೆಗಳೂ ಇದ್ದ ಹಾಗೇ ಇವೆ.

ಮಾರನೇ ದಿನ ಮಾವ ಬಂದರು. ಕಾಫಿ ಕುಡಿಯುತ್ತಾ ಬಟ್ಟೆಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದರು. ಹಸಿರು ಬಟ್ಟೆ ಎತ್ತಿ ಹಿಡಿದು, "ಇದು ಕೋವಿಯ ಕೊಳೆ ಅಲ್ಲ ಮಗಳೇ, ನಿನ್ನ ಬ್ರಷ್ಷೇ ಕರಗಿದ್ದು" ಅಂದರು. ಬ್ರಾಂಜಿನಲ್ಲಿ ತಾಮ್ರ ಇದೆ. ಅಮೋನಿಯಾಕ್ಕೆ ತಾಮ್ರ ಸಿಕ್ಕಿದರೆ ಹಸಿರುನೀಲಿ ಬರುತ್ತದೆ. ರೈಫಲ್ಲಿನ ಗುಂಡಿಗೆ ತಾಮ್ರದ ಹೊದಿಕೆ ಇರುವುದರಿಂದ ಅದರ ನಳಿಗೆಗೆ ಆ ದ್ರಾವಣ ಸರಿ. ನಮ್ಮದು ಚರೆ, ಅಂದರೆ ಸೀಸದ ಸಣ್ಣ ಸಣ್ಣ ಗುಂಡು, ಹಾರಿಸುವ ಕೋವಿ. ಇದರಲ್ಲಿ ತಾಮ್ರ ಎಲ್ಲಿಂದ ಬರಬೇಕು?

"ಹಾಗಾದರೆ ಒಳಗೆ ಅಂಟಿರುವುದು ಏನು ಮಾವ?"

"ಮೂರು ಥರದ್ದು ಇರುತ್ತೆ. ಮಸಿ, ಸೀಸ, ಪ್ಲಾಸ್ಟಿಕ್. ಒಂದೊಂದಕ್ಕೆ ಒಂದೊಂದು ಮದ್ದು. ನೀನು ಮೂರಕ್ಕೂ ಒಂದೇ ಮದ್ದು ಹಾಕ್ತಾ ಇದ್ದೀಯ."

ಈ ಮಾತು ಕೇಳಿದ ಮೇಲೆ ನನಗೆ ಕೆಲಸದ ಬುಡ ಸಿಕ್ಕಿತು. ಈಗಿನ ತೋಟೆಗಳಲ್ಲಿ ಸಿಡಿಮದ್ದಿಗೂ ಚರೆಗೂ ನಡುವೆ ಬಟ್ಟಲಿನ ಹಾಗಿರುವ ಒಂದು ಪ್ಲಾಸ್ಟಿಕ್ ವಾಡ್ ಇರುತ್ತದೆ. ಸಿಡಿಮದ್ದು ಉರಿದಾಗ ಅದೇ ಚರೆಯನ್ನು ಹೊತ್ತುಕೊಂಡು ನಳಿಗೆಯಲ್ಲಿ ಓಡುತ್ತದೆ. ಆ ಬಿಸಿಗೂ ಉಜ್ಜಾಟಕ್ಕೂ ಪ್ಲಾಸ್ಟಿಕ್ ತೆಳ್ಳಗೆ ಸವರಿಕೊಂಡು ಹೋಗುತ್ತದೆ. ಗೂಡು ಮುಗಿದು ನಳಿಗೆ ಸಣ್ಣದಾಗುವಲ್ಲಿ ಮತ್ತು ತುದಿಯಲ್ಲಿ ನಳಿಗೆ ಕಿರಿದಾಗುವ ಚೋಕ್‌ನಲ್ಲಿ ಜಾಸ್ತಿ. ಹಳೆಯ ತೋಟೆಗಳಲ್ಲಿ ಉಣ್ಣೆಯ ಬಿಲ್ಲೆ ಇರುತ್ತಿತ್ತು. ಆಗ ಚರೆ ನೇರವಾಗಿ ನಳಿಗೆಗೆ ಉಜ್ಜಿ ಸೀಸ ಅಂಟುತ್ತಿತ್ತು. ಅಪ್ಪ ಎರಡೂ ಬಗೆಯ ತೋಟೆ ಹಾಕುತ್ತಿದ್ದರು.

ಪ್ಲಾಸ್ಟಿಕ್ ಅಂದರೆ ಪಾಲಿಥೀನ್. ಅದು ಸೀಮೆಎಣ್ಣೆಗೆ ಜಗ್ಗುವುದಿಲ್ಲ, ಉಗುರಿನ ಬಣ್ಣ ತೆಗೆಯುವ ದ್ರಾವಣಕ್ಕೂ ಜಗ್ಗುವುದಿಲ್ಲ. ನಾನು ಮೈಸೂರಿನಲ್ಲಿ ಲ್ಯಾಬಿನಲ್ಲಿ ಕೆಲಸ ಮಾಡುವವಳು, ಇಷ್ಟು ಮೊದಲೇ ಹೊಳೆಯಬೇಕಿತ್ತು. ಆದರೆ ಬಿಸಿಗೆ ಮೆತ್ತಗಾಗುತ್ತದೆ.

"ಬಚ್ಚಲ ಒಲೆಗೆ ಬೆಂಕಿ ಹಾಕು" ಅಂದರು ಮಾವ. ಅವರ ಅಜ್ಜ ಕೇಪು ಇಟ್ಟು ಕರಿಮದ್ದು ಸಿಡಿಸುವ ಹಳೆಯ ಕೋವಿಯ ಕಾಲದವರು. ಕರಿಮದ್ದಿನ ಮಸಿ ನೀರಿಗೆ ಕರಗುತ್ತದೆ, ಎಣ್ಣೆಗೆ ಕರಗುವುದಿಲ್ಲ. ಅದಕ್ಕೇ ಆಗ ಕೋವಿಗೆ ಕುದಿಯುವ ನೀರು ಹೊಯ್ಯುತ್ತಿದ್ದರು. ಹಳೆಯ ಕಾಲದ ಕೇಪುಗಳು ಉರಿದ ಮೇಲೆ ಒಂದು ಥರ ಉಪ್ಪು ಉಳಿಯುತ್ತಿತ್ತು. ಆ ಉಪ್ಪು ಗಾಳಿಯ ತೇವ ಎಳೆದುಕೊಂಡು ರಾತ್ರಿ ಬೆಳಗಾಗುವುದರೊಳಗೆ ತುಕ್ಕು ಹಿಡಿಸುತ್ತಿತ್ತು. ಅದಕ್ಕೂ ನೀರೇ ಮದ್ದು. ಈಗಿನ ತೋಟೆಯಲ್ಲಿ ಆ ಉಪ್ಪಿಲ್ಲ, ಜನ ಬಿಸಿನೀರು ಮರೆತರು.

ಜೋಡುನಳಿಗೆಗೆ ಬಿಸಿನೀರು ಹೊಯ್ಯಲು ನನಗೆ ಒಂದು ಹೆದರಿಕೆ ಇತ್ತು. ಎರಡು ನಳಿಗೆಯ ನಡುವಿನ ಪಟ್ಟಿಯನ್ನು ಬೆಸುಗೆ ಹಾಕಿ ಕೂರಿಸಿರುತ್ತಾರೆ. ಬೆಸುಗೆ ಬಿಟ್ಟರೆ? ಮಾವ ಬೇಡ ಅನ್ನಲಿಲ್ಲ, ಯೋಚಿಸು ಅಂದರು. ಮೆದು ಬೆಸುಗೆ ಕರಗಲು 180 ಡಿಗ್ರಿಗಿಂತ ಮೇಲೆ ಬೇಕು. ನೀರು ಎಷ್ಟು ಕುದಿದರೂ 100. ಬ್ಲೋಲ್ಯಾಂಪ್ ಹಿಡಿದರೆ ಮಾತ್ರ ಕೆಡುತ್ತದೆ. ಆದರೆ ಪಟ್ಟಿ ಎಲ್ಲಾದರೂ ಮೊದಲೇ ಬಿಟ್ಟಿದ್ದರೆ ಅದರ ಅಡಿಗೆ ನೀರು ನುಗ್ಗಿ ಒಳಗೇ ತುಕ್ಕಾಗುತ್ತದೆ. ಅದನ್ನು ನೋಡಿಯೇ ಹೊಯ್ಯಬೇಕು. ಮಾವ ನಳಿಗೆಗಳನ್ನು ಒಂದು ದಾರಕ್ಕೆ ತೂಗುಹಾಕಿ ಹಿಡಿದು, ಬೆರಳ ಗೆಣ್ಣಿನಿಂದ ಟಪ್ ಅಂತ ಹೊಡೆದರು. ಗಂಟೆಯ ಹಾಗೆ ಣಂ ಅಂತ ಉದ್ದಕ್ಕೆ ಮೊಳಗಿತು. ಪಟ್ಟಿ ಬಿಟ್ಟಿದ್ದರೆ ಒಡೆದ ಮಡಕೆಯ ಸದ್ದು ಬರುತ್ತದಂತೆ. ಅಪ್ಪ ಹೋದ ದಿನದ ಆ ಎರಡು ಗುಂಡಾದ ಮೇಲೆ ಆ ಕೋವಿಯಿಂದ ನಾನು ಕೇಳಿದ ಮೊದಲ ಸದ್ದು ಅದು. ಅವ್ವ ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತಿದ್ದರು.

ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಳಿಗೆಯ ತುದಿ ಕೆಳಗೆ ಮಾಡಿ ಬಕೆಟ್ಟಿನಲ್ಲಿ ನಿಲ್ಲಿಸಿದೆವು. ದಪ್ಪ ಗೋಣಿ ಸುತ್ತಿ ನಾನು ಹಿಡಿದುಕೊಂಡೆ. ಮಾವ ಲಾಳಿಕೆ ಇಟ್ಟು ಕುದಿಯುವ ನೀರನ್ನು ಗೂಡಿನ ಕಡೆಯಿಂದ ಹೊಯ್ದರು. ಒಂದು ಕೆಟಲ್ ಬಲನಳಿಗೆಗೆ, ಒಂದು ಎಡಕ್ಕೆ, ಮತ್ತೆ ಬಲಕ್ಕೆ. ಗೋಣಿಯ ಮೇಲೂ ಕೈ ಸುಡುವಷ್ಟು ಕಾದಿತು. ಕೆಳಗೆ ಬಂದ ನೀರು ಮೊದಲು ಕಪ್ಪು ಚಹಾದ ಹಾಗೆ, ಆಮೇಲೆ ತಿಳಿ. ಕೊನೆಯ ಹನಿ ಬೀಳುತ್ತಿದ್ದ ಹಾಗೇ, ನಳಿಗೆ ಬಿಸಿ ಇರುವಾಗಲೇ, ಬ್ರಷ್ ತಳ್ಳಿದೆ.

ತುದಿಯಿಂದ ಬ್ರಷ್ ಹೊರಗೆ ಬಂದಾಗ ಅದರ ಕೂದಲಿಗೆ ಏನೋ ಸಿಕ್ಕಿಕೊಂಡಿತ್ತು. ಬಿಡಿಸಿ ಅಂಗೈ ಮೇಲೆ ಇಟ್ಟುಕೊಂಡೆ. ಈರುಳ್ಳಿಯ ಒಳಸಿಪ್ಪೆಯಷ್ಟು ತೆಳು, ಬೂದುಬಣ್ಣ, ಕಿರುಬೆರಳಿನಷ್ಟು ಉದ್ದ. ಬೆಳಕಿಗೆ ಹಿಡಿದರೆ ಆಚೆ ಕಡೆ ಮಸುಕಾಗಿ ಕಾಣುತ್ತಿತ್ತು. ನಳಿಗೆಯ ದುಂಡು ಹಾಗೇ ಅದರಲ್ಲಿ ಉಳಿದಿತ್ತು, ಚಪ್ಪಟೆ ಮಾಡಿದರೂ ಮತ್ತೆ ಬಾಗುತ್ತಿತ್ತು. ಹಿಂದಿನ ದಿನ ಐವತ್ತು ಸಲ ಉಜ್ಜಿದರೂ ಬಾರದೇ ಇದ್ದದ್ದು ಇದು! ಇನ್ನೆರಡು ಸಲ ನೀರು ಹೊಯ್ದು ಎಳೆದ ಮೇಲೆ ಇಂಥವು ಏಳೆಂಟು ಬಂದವು. ಗೆರೆಗಳು ಹೆಚ್ಚುಕಡಿಮೆ ಹೋದವು. ಬಿಸಿ ನಳಿಗೆ ತಾನಾಗೇ ಒಣಗಿಕೊಂಡಿತು. ಅದೂ ಬಿಸಿನೀರಿನ ಒಂದು ಅನುಕೂಲ.

ಬಲನಳಿಗೆಯ ಕಪ್ಪು ಮಚ್ಚೆ ಮಾತ್ರ ಕದಲಲಿಲ್ಲ.

ಅವತ್ತು ರಾತ್ರಿ ತುಕ್ಕು ಬಿಡಿಸುವ ತೆಳು ಎಣ್ಣೆಯಲ್ಲಿ ಬಟ್ಟೆ ನೆನೆಸಿ, ಆ ಜಾಗಕ್ಕೆ ತಳ್ಳಿ ಬಿಟ್ಟೆ. ಮಚ್ಚೆ ಇದ್ದ ಮಗ್ಗುಲು ಕೆಳಗೆ ಬರುವ ಹಾಗೆ ಮಲಗಿಸಿದೆ. ಇಂಥ ಎಣ್ಣೆಗೆ ಬಲಕ್ಕಿಂತ ಹೊತ್ತು ಬೇಕು. ಸಂದಿ ಹುಡುಕಿ ಅಡಿಗೆ ಇಳಿಯುತ್ತದೆ.

ಸೆಪ್ಟೆಂಬರ್ 1. ಬಟ್ಟೆ ತೆಗೆದರೆ ಕಂದು, ಅದರ ನಡುವೆ ಸಣ್ಣ ಸಣ್ಣ ಮಿಂಚು. ಸೀಸ. ಸವೆದ ಹಳೆಯ ಬ್ರಷ್ಷಿಗೆ ಅತಿ ನಯದ ಸ್ಟೀಲ್ ವೂಲ್ ಸುತ್ತಿದೆವು, ನಾಲ್ಕು ಸೊನ್ನೆಯ (0000) ನಂಬರಿನದು. ಪಾತ್ರೆ ತಿಕ್ಕುವ ಒರಟು ನಾರು ಹಾಕಬಾರದು, ಗೀರು ಬೀಳುತ್ತದೆ. ಎಣ್ಣೆ ಧಾರಾಳವಾಗಿ ಹಚ್ಚಿ, ನಳಿಗೆಗೆ ಬಿಗಿಯಾಗಿ ಕೂರುವಷ್ಟು ಸುತ್ತಿ, ಉದ್ದಕ್ಕೂ ತಿರುಗಿಸುತ್ತಾ ತಳ್ಳಿದೆ. ಹತ್ತು ಸಲ ಎಳೆಯುವುದು, ಒರೆಸುವುದು, ನೋಡುವುದು. ಮತ್ತೆ ಹತ್ತು. ಬಟ್ಟೆಯ ಮೇಲೆ ಬೂದುಬಣ್ಣದ ಚೂರುಗಳು ಬರತೊಡಗಿದವು, ಉಗುರಿನಿಂದ ಒತ್ತಿದರೆ ಮೆತ್ತಗೆ.

ಸೀಸ ಮೈಗೆ ವಿಷ. ಕೈಗೆ ಗ್ಲೌಸ್ ಹಾಕಿದ್ದೆ, ಜಗಲಿಯಲ್ಲೇ ಕೂತಿದ್ದೆ, ಅಡುಗೆಮನೆ ಕಡೆ ಏನನ್ನೂ ಒಯ್ಯಲಿಲ್ಲ. ಬಟ್ಟೆಗಳನ್ನು ಒಲೆಗೆ ಹಾಕದೆ ಮುಚ್ಚಳದ ಡಬ್ಬಿಯಲ್ಲಿ ತುಂಬಿ ಇಟ್ಟೆ. ಹಿಂದೆ ಕೆಲವರು ಪಾದರಸ ಹೊಯ್ದು ಸೀಸ ಎಳೆಯುತ್ತಿದ್ದರು ಅಂತ ಮಾವ ನೆನಪು ಮಾಡಿಕೊಂಡರು. ಅದರ ಆವಿ ಉಸಿರಾಡಿದರೆ ಇನ್ನೂ ದೊಡ್ಡ ಅಪಾಯ. ವಿನೆಗರ್ ಮತ್ತು ಪೆರಾಕ್ಸೈಡ್ ಬೆರೆಸಿ ಹೊಯ್ಯಿ ಅಂತಲೂ ಕೆಲವರು ಹೇಳುತ್ತಾರೆ. ದಯವಿಟ್ಟು ಬೇಡ. ಸೀಸ ಕರಗುತ್ತದೆ ನಿಜ, ಆದರೆ ಕರಗಿದ ಸೀಸ ಚರ್ಮಕ್ಕೂ ಇಳಿಯುವ ವಿಷವಾಗುತ್ತದೆ. ಹೊರಮೈಗೆ ತಾಗಿದರೆ ಕೋವಿಯ ನೀಲಿಗಪ್ಪು ಬಣ್ಣವೂ ಹೋಗುತ್ತದೆ.

ಮಧ್ಯಾಹ್ನ ಮೂರರ ಹೊತ್ತಿಗೆ ಬಿಸಿಲು ಬಂತು. ನಳಿಗೆ ಎತ್ತಿ ನೋಡಿದೆ. ಬೆಳಕಿನ ಬಳೆಗಳು ವಾಪಸ್ ಬಂದಿದ್ದವು, ಅಪ್ಪ ತೋರಿಸುತ್ತಿದ್ದ ಹಾಗೇ. ಮಚ್ಚೆ ಇದ್ದ ಜಾಗದಲ್ಲಿ ಮಾತ್ರ ಬಳೆ ಒಡೆದಿತ್ತು. ಎಳ್ಳುಕಾಳಿನಷ್ಟು ನಾಲ್ಕು ಗುಳಿ. ತುಕ್ಕು ತಿಂದ ಜಾಗ.

ಆಗ ಗೊತ್ತಾಯಿತು ಮೂರು ದಿನ ಅದು ಯಾಕೆ ಅಷ್ಟು ಹಠ ಮಾಡಿತು ಅಂತ. ಮಳೆನೀರು ಒಳಗೆ ಹೋಗಿದೆ. ಮಸಿ ಆ ತೇವ ಹಿಡಿದುಕೊಂಡಿದೆ. ಅಡಿಯಲ್ಲಿ ತುಕ್ಕು ಎದ್ದು, ಅಲ್ಲಿದ್ದ ಸೀಸ ಪ್ಲಾಸ್ಟಿಕ್ ಎಲ್ಲವನ್ನೂ ಸೇರಿಸಿ ಕಚ್ಚಿಕೊಂಡಿದೆ. ನಾನು ತೊಳೆಯುತ್ತಿದ್ದದ್ದು ಅಪ್ಪ ಹೋದ ದಿನದ ಎರಡು ಗುಂಡಿನ ಮಸಿಯನ್ನು.

ಮಾವ ನಳಿಗೆ ಇಸಕೊಂಡು ತುಂಬ ಹೊತ್ತು ನೋಡಿದರು. "ಅವತ್ತು ನಾನೇ ಒರೆಸಬೇಕಿತ್ತು" ಅಂದರು. "ಭಾವ ಇದ್ದಿದ್ದರೆ ಊಟಕ್ಕೆ ಮೊದಲು ಒರೆಸೋರು."

ನನಗೆ ಏನೂ ಹೇಳಲು ಬರಲಿಲ್ಲ. ಅವ್ವ ಅವರ ಕಾಫಿ ಲೋಟ ತೆಗೆದುಕೊಂಡು ಹೋಗಿ ತುಂಬಿಸಿ ತಂದರು.

ಗುಳಿ ಬಿದ್ದ ನಳಿಗೆಯಲ್ಲಿ ಹಾಗೇ ಗುಂಡು ಹಾರಿಸುವ ಹಾಗಿಲ್ಲ. ಮಾರನೇ ದಿನ ಕೋವಿ ರಿಪೇರಿ ಮಾಡುವವರ ಹತ್ತಿರ ಒಯ್ದೆವು. ಅವರು ಒಳಗೆ ಗೇಜ್ ಹಾಕಿ ಅಗಲ ನೋಡಿದರು, ಹೊರಗಿನಿಂದ ಗೋಡೆಯ ದಪ್ಪ ಅಳೆದರು. ಗೂಡಿನ ಹತ್ತಿರ ಗೋಡೆ ದಪ್ಪ ಇರುತ್ತದೆ, ಗುಳಿ ಆಳ ಇಲ್ಲ, ಸಾಮಾನ್ಯ ತೋಟೆಗೆ ಏನೂ ತೊಂದರೆ ಇಲ್ಲ ಅಂದರು. ಉಜ್ಜಿ ಗುಳಿ ತೆಗೆಯಿರಿ ಅಂತ ನಾನು ಕೇಳಿದೆ. ಅವರು ಒಪ್ಪಲಿಲ್ಲ. ಗುಳಿ ಹೋಗಬೇಕಾದರೆ ಸುತ್ತಲಿನ ಒಳ್ಳೆಯ ಉಕ್ಕನ್ನೂ ಅಷ್ಟೇ ತೆಗೆಯಬೇಕಾಗುತ್ತದೆ. ಇರಲಿ ಬಿಡಿ, ಆ ಗುಳಿಗಳಲ್ಲಿ ಮತ್ತೆ ಕೊಳೆ ಕೂರುತ್ತದೆ, ಪ್ರತಿ ಸಲ ಅಲ್ಲಿ ನಾಲ್ಕು ಎಳೆತ ಜಾಸ್ತಿ ಎಳೆಯಿರಿ ಅಂದರು. ಅವರ ಮಾತು ನನಗೆ ಸರಿ ಅನಿಸಿತು.

ಸೆಪ್ಟೆಂಬರ್ 3ರಂದು ಕೋವಿಗಳನ್ನು ನೆಲ್ಲಕ್ಕಿ ನಡುಬಾಡೆಯ, ಅಂದರೆ ನಡುಮನೆಯ, ದೀಪದ ಮುಂದೆ ಇಟ್ಟೆವು. ಅಪ್ಪನ ಕೋವಿಯ ಬಾಯಿಗೆ ನಾನೇ ತೋಕ್‌ಪೂ ಸಿಕ್ಕಿಸಿದೆ. ಪೂಜೆಯಾದ ಮೇಲೆ ಮಾವ ಅದನ್ನು ಎತ್ತಿ ನನ್ನ ಕೈಗೆ ಕೊಟ್ಟರು. ಕಡಂಬುಟ್ಟು, ಪಂದಿಕರಿ ಊಟ ಆಯಿತು. ಮಧ್ಯಾಹ್ನ ಮೈದಾನದಲ್ಲಿ ಮರದ ಎತ್ತರಕ್ಕೆ ತೆಂಗಿನಕಾಯಿ ಕಟ್ಟಿದ್ದರು. ಹೊರಡುವ ಮುಂಚೆ ಹೂ ತೆಗೆದು, ಕೋವಿ ಮಡಚಿ, ನಳಿಗೆಯ ಆಚೆ ತುದಿಯ ಆಕಾಶ ನೋಡಿದೆ. ಹೂವಿನ ತೊಟ್ಟಿನ ಒಂದು ತುಂಡು ಒಳಗೆ ಉಳಿದರೂ ನಳಿಗೆ ಸೀಳಬಹುದು. ಒಳಗಿದ್ದ ಎಣ್ಣೆಯನ್ನೂ ಒಣಬಟ್ಟೆಯಿಂದ ಪೂರ್ತಿ ತೆಗೆದೆ.

ಎರಡು ಗುಂಡು ಹಾರಿಸಿದೆ. ಎರಡನೆಯದಕ್ಕೆ ಕಾಯಿ ಚೂರಾಯಿತು.

ಮನೆಗೆ ಬರುವಾಗ ಸಂಜೆ ಆರೂವರೆ. ನೆಂಟರು ಜಗಲಿ ತುಂಬ ಇದ್ದರು. ನಾನು ಬಚ್ಚಲ ಒಲೆಗೆ ಎರಡು ಕೊಳ್ಳಿ ತುರುಕಿ ನೀರಿಟ್ಟು, ನಳಿಗೆ ಬಿಚ್ಚಿಕೊಂಡು ಒಗೆಯುವ ಕಲ್ಲಿನ ಹತ್ತಿರ ಹೋದೆ. ಮೊದಲ ಬಟ್ಟೆ ಕರ್ರಗೆ ಬಂತು. ಎರಡನೆಯದು ಬೂದು. ಬಲನಳಿಗೆಯ ಗುಳಿಯ ಹತ್ತಿರ ನಾಲ್ಕು ಸಲ ಜಾಸ್ತಿ ಎಳೆದೆ. ಐದನೇ ಬಟ್ಟೆ ಬೆಳ್ಳಗೆ ಬಂತು. ಒಂದು ಹನಿ ಎಣ್ಣೆ ಸವರಿ, ಕೋವಿ ಜೋಡಿಸಿ, ಚೀಲಕ್ಕೆ ಹಾಕದೆ ಒಳಗೆ ಒಯ್ದು ಅಪ್ಪ ಇಡುತ್ತಿದ್ದ ಗೂಟಕ್ಕೆ ತಗುಲಿಸಿದೆ. ಆಮೇಲೆ ಕೈ ತೊಳೆದುಕೊಂಡು ಊಟಕ್ಕೆ ಕೂತೆ.